ಪ್ರಳಯದ ಮರುದಿನ ಒಲೆ ಹೊತ್ತಿಸುವವರು: ಬ್ರೆಜಿಲ್‌ನ ಚಿತ್ರಗಳು, ಅಲ್ಲಿನ ನಟಿಯರು

(ಸಿನಿಮಾ ಗುಂಪೊಂದರಲ್ಲಿ ನಡೆದ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕೊನೆಯ ಸಾಲು

ಲಾಕ್‌ಡೌನ್ ದಿನಗಳಲ್ಲಿ ನೋಡಲು ಧೈರ್ಯ ಸಾಲದೆ ಬದಿಗಿಟ್ಟಿದ್ದ ಬ್ರೆಜಿಲ್‌ನ ಚಿತ್ರವೊಂದನ್ನು ಮೊನ್ನೆ ರಾತ್ರಿ ನೋಡಿ ಮುಗಿಸಿದೆ. ಹೆಸರು ‘ಆ ನುವೆಂ ರೋಜಾ’, ಎಂದರೆ ಗುಲಾಬಿ ಮೋಡ. ಪೋರ್ತು ಅಲೆಗ್ರೆ ನಗರದ ಯೂಲಿ ಜೆರ್ಬಾಸಿ ಎಂಬಾಕೆಯ ಮೊದಲ ಪೂರ್ಣಾವಧಿ ಚಿತ್ರ. 2021ರ ಸನ್‌ಡ್ಯಾನ್ಸ್ ಉತ್ಸವದಲ್ಲಿ ಮೊದಲು ತೆರೆಕಂಡದ್ದು. ಊರ ಮೇಲೆ ಗುಲಾಬಿ ಬಣ್ಣದ ಮೋಡ ಇಳಿಯುತ್ತದೆ, ಹೊರಗೆ ಕಾಲಿಟ್ಟವರು ಹತ್ತು ಸೆಕೆಂಡಿನಲ್ಲಿ ಸಾಯುತ್ತಾರೆ. ಹಿಂದಿನ ರಾತ್ರಿಯಷ್ಟೇ ಪರಿಚಯವಾದ ಜೊವಾನಾ ಮತ್ತು ಯಾಗೊ ಒಂದೇ ಮನೆಯಲ್ಲಿ ಸಿಕ್ಕಿಬೀಳುತ್ತಾರೆ, ಅದೂ ವರ್ಷಗಟ್ಟಲೆ.

ಚಿತ್ರ ಆರಂಭವಾಗುವ ಮುನ್ನ ಒಂದು ಸೂಚನೆ ಬರುತ್ತದೆ: ಬರೆದದ್ದು 2017ರಲ್ಲಿ, ಚಿತ್ರೀಕರಿಸಿದ್ದು 2019ರಲ್ಲಿ, ನಿಜಜೀವನದ ಹೋಲಿಕೆ ಕಂಡರೆ ಅದು ಆಕಸ್ಮಿಕ. ನಮ್ಮ ಚಿತ್ರಗಳಲ್ಲೂ ಇಂಥ ಮಾತು ಬರುತ್ತದೆ, ಯಾರೂ ನಂಬುವುದಿಲ್ಲ. ಇಲ್ಲಿ ನಂಬದೆ ಗತಿಯಿಲ್ಲ.

ಕಿಟಕಿಗೆ ಒಂದು ಕೊಳವೆ ಜೋಡಿಸಿರುತ್ತಾರೆ, ದಿನಸಿ ಅದರಲ್ಲೇ ಬರುತ್ತದೆ. ಮಗು ಹುಟ್ಟುತ್ತದೆ, ದೊಡ್ಡದಾಗುತ್ತದೆ. ಬೀದಿಯನ್ನೇ ಮೆಟ್ಟದ ಆ ಹುಡುಗನಿಗೆ ಮೋಡದ ಮೇಲೆ ಪ್ರೀತಿ! ತಾಯಿಗೆ ಮಾತ್ರ ಹೊರಗಿನ ನೆನಪಿದೆ. ಸ್ಫೋಟವಿಲ್ಲ, ಓಡಾಟವಿಲ್ಲ, ಹೆಲಿಕಾಪ್ಟರ್ ಇಲ್ಲ. ಅಡುಗೆಮನೆ, ಸೋಫಾ, ಪರದೆ, ಜಗಳ, ಮತ್ತೆ ಅಡುಗೆಮನೆ. ಜೊವಾನಾ ಪಾತ್ರದ ರೆನಾತಾ ದೆ ಲೇಲಿಸ್ ಅವರ ಮುಖವೊಂದೇ ಆ ಚಿತ್ರದ ಭೂಗೋಳ. ಅಂತ್ಯ ಹೇಳುವುದಿಲ್ಲ.

ಬ್ರೆಜಿಲ್‌ನವರು ಅವಘಡವನ್ನು ಹೀಗೇ ತೋರಿಸುತ್ತಾರೆಯೇ? ಇಂಥ ಚಿತ್ರಗಳನ್ನು ಹೊತ್ತ ನಟಿಯರು ಯಾರು? ತಿಳಿದವರು ಬರೆಯಿರಿ.

ಬಾಲ್ಕನಿ

ನಾನೂ ನೋಡಿದ್ದೇನೆ. ಮೋಡಕ್ಕಿಂತ ಮೊದಲು ನಿದ್ದೆ ಇಳಿಯಿತು. ಎರಡು ವರ್ಷ ಮನೆಯೊಳಗೆ ಕೂತು ಅನುಭವಿಸಿದ್ದನ್ನೇ ಮತ್ತೆ ಒಂದೂಮುಕ್ಕಾಲು ಗಂಟೆ ಯಾಕೆ ನೋಡಬೇಕು? ಪ್ರಳಯದ ಚಿತ್ರ ಎಂದ ಮೇಲೆ ಪ್ರಳಯ ಕಾಣಬೇಕು. ದುಡ್ಡಿಲ್ಲದವರು ಪ್ರಳಯವನ್ನು ಕಿಟಕಿಯಾಚೆ ಇಟ್ಟು ಕಲೆ ಎನ್ನುತ್ತಾರೆ.

ಹಳೇ ರೀಲು

ಬಾಲ್ಕನಿಯವರೇ, ದುಡ್ಡಿನ ಮಾತು ನಿಜ. ಆದರೆ ದುಡ್ಡಿಲ್ಲದೆಯೂ ಅಲ್ಲಿಯವರು ಅರವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ಕಾರಣ, ಅವರಿಗೆ ಪ್ರಳಯ ಹೊರಗಿನಿಂದ ಬರಬೇಕಾಗಿಲ್ಲ. ಈಶಾನ್ಯ ಬ್ರೆಜಿಲ್‌ನ ಸೆರ್ತಾವ್ ಎಂಬ ಒಣಭೂಮಿಗೆ ಬರ ಹಳೆಯ ನೆಂಟ.

1963ರ ‘ವಿದಾಸ್ ಸೇಕಾಸ್’ ನೋಡಿ. ಹೆಸರಿಗೆ ಬತ್ತಿದ ಬದುಕುಗಳು ಎಂದರ್ಥ. ಗ್ರಾಸಿಲಿಯಾನೊ ರಾಮೋಸ್ ಅವರ 1938ರ ಕಾದಂಬರಿಯನ್ನು ನೆಲ್ಸನ್ ಪೆರೇರಾ ದೋಸ್ ಸಾಂತೋಸ್ ತೆರೆಗೆ ತಂದದ್ದು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ನಾಯಿ, ಒಂದು ಗಿಳಿ ಬಿರುಬಿಸಿಲಿನಲ್ಲಿ ನಡೆಯುತ್ತಿರುತ್ತಾರೆ. ದಾರಿಯಲ್ಲಿ ತಾಯಿ ಸಿಂಯಾ ವಿತೋರಿಯಾ ಗಿಳಿಯ ಕತ್ತು ಮುರಿದು ಸುಡುತ್ತಾಳೆ. ಹೇಗೂ ಅದಕ್ಕೆ ಮಾತು ಬರುತ್ತಿರಲಿಲ್ಲ ಎಂಬುದು ಅವಳ ಸಮಜಾಯಿಷಿ. ಅಳುವುದಿಲ್ಲ, ಕ್ಯಾಮೆರಾ ಹತ್ತಿರ ಹೋಗುವುದೂ ಇಲ್ಲ. ಮಾರಿಯಾ ರಿಬೇರೊ ಆ ಪಾತ್ರ ಮಾಡಿದವರು. ಅವಳಿಗೆ ಇಡೀ ಚಿತ್ರದಲ್ಲಿ ಒಂದೇ ಒಂದು ಆಸೆ: ತೊಗಲು ಬಿಗಿದ ಒಂದು ಮಂಚ. ಲೂಯಿಸ್ ಕಾರ್ಲೋಸ್ ಬರೆಟೊ ಬಿಸಿಲಿಗೆ ಫಿಲ್ಟರ್ ಹಾಕದೆ ಚಿತ್ರೀಕರಿಸಿದರು. ಬಿಳುಪು ಕಣ್ಣಿಗೆ ಚುಚ್ಚುತ್ತದೆ. ಸಂಗೀತದ ಜಾಗದಲ್ಲಿ ಎತ್ತಿನ ಗಾಡಿಯ ಗಾಲಿಯ ಕಿರ್ರೆನ್ನುವ ಸದ್ದು.

ಒಂದು ತಮಾಷೆಯೂ ಇದೆ. 1964ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದಾಗ ನಾಯಿ ಸಾಯುವ ದೃಶ್ಯ ಕಂಡು, ನಿಜವಾಗಿಯೇ ಕೊಂದಿದ್ದಾರೆ ಎಂದು ಗುಲ್ಲಾಯಿತು. ನಾಯಿಯನ್ನು ವಿಮಾನ ಹತ್ತಿಸಿ ಕಾನ್‌ಗೆ ಕರೆಸಿ ತೋರಿಸಬೇಕಾಯಿತು. ಬರದಲ್ಲಿ ಸಾಯುವ ಮಕ್ಕಳ ಬಗ್ಗೆ ಯಾರೂ ಇಷ್ಟು ಗುಲ್ಲೆಬ್ಬಿಸಿರಲಿಲ್ಲ.

ಇನ್ನು ನೇರವಾಗಿ ಪ್ರಳಯಾನಂತರದ ಚಿತ್ರ ಬೇಕೆಂದರೆ ‘ಬ್ರಜಿಲ್ ಆನೊ 2000’. ವಾಲ್ಟರ್ ಲಿಮಾ ಜೂನಿಯರ್, 1969. ಮೂರನೆಯ ಮಹಾಯುದ್ಧ ಮುಗಿದು ಹೋಗಿದೆ. ತಾಯಿ, ಮಗ, ಮಗಳು ಉತ್ತರದ ಕಡೆ ವಲಸೆ ಹೊರಟು ದಾರಿಯಲ್ಲಿ ಒಂದು ಊರಿಗೆ ಬರುತ್ತಾರೆ. ಊರಿನ ಹೆಸರು ‘ಮೆ ಎಸ್ಕೆಸಿ’, ಎಂದರೆ ‘ನಾನು ಮರೆತೆ’. ಅಲ್ಲಿ ಮೂಲನಿವಾಸಿಗಳ ಮೇಲ್ವಿಚಾರಣೆಯ ಅಧಿಕಾರಿ ಇದ್ದಾನೆ, ಆದರೆ ಮೂಲನಿವಾಸಿಗಳೇ ಉಳಿದಿಲ್ಲ. ಗಣ್ಯರು ಬಂದಾಗ ತೋರಿಸಲು ಜನ ಬೇಕಲ್ಲ! ಬಂದ ವಲಸಿಗರಿಗೆ ಆ ವೇಷ ಹಾಕು ಎನ್ನುತ್ತಾನೆ. ಊಟ ಸಿಗುತ್ತದೆ ಎಂದು ಅವರು ಹಾಕುತ್ತಾರೆ. ಗಿಲ್ಬೆರ್ತೊ ಜಿಲ್ ಸಂಗೀತ, ಗಾಲ್ ಕೋಸ್ತಾ ಕಂಠ. ಸೇನೆಯ ಆಡಳಿತ ಅತ್ಯಂತ ಬಿಗಿಯಾಗಿದ್ದ ಕಾಲದಲ್ಲಿ ಹೀಗೆ ಹಾಡುತ್ತಾ ಅಣಕಿಸಿದ ಚಿತ್ರವಿದು. ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು.

ಮಗಳ ಪಾತ್ರ ಅನೆಸಿ ರೋಷಾ ಅವರದು. ಹೆಸರಾಂತ ನಿರ್ದೇಶಕ ಗ್ಲೌಬರ್ ರೋಷಾ ಅವರ ತಂಗಿ, ಈ ಚಿತ್ರದ ನಿರ್ದೇಶಕರ ಹೆಂಡತಿ. ನೋಡಿ, ನಾನೂ ಅದೇ ತಪ್ಪು ಮಾಡಿದೆ. ನಟಿಯ ಬಗ್ಗೆ ಬರೆಯಲು ಹೊರಟು ಮೊದಲು ಅಣ್ಣ, ಆಮೇಲೆ ಗಂಡ. ಆಕೆ 1977ರಲ್ಲಿ ರಿಯೊದ ಕಟ್ಟಡವೊಂದರ ಲಿಫ್ಟ್ ಗುಂಡಿಗೆ ಬಿದ್ದು ತೀರಿಕೊಂಡರು. ಮೂವತ್ತನಾಲ್ಕು ವರ್ಷ. ಆಕೆಯೇ ಮುಖ್ಯ ಪಾತ್ರದಲ್ಲಿದ್ದ ‘ಆ ಲಿರಾ ದೊ ದೆಲೀರಿಯೊ’ ಬಿಡುಗಡೆಯಾದದ್ದು ಮರುವರ್ಷ.

ಅಡಿಬರಹ

ಹಳೇ ರೀಲು ಸರ್ ಹೇಳಿದ ಸಾಲಿಗೆ ಇನ್ನೆರಡು ಸೇರಿಸುತ್ತೇನೆ, ಎರಡೂ ಒಬ್ಬರದೇ. ಬಹಿಯಾ ರಾಜ್ಯದ ನಿರ್ದೇಶಕ ರೊಬೆರ್ತೊ ಪಿರಿಸ್. ಕೈಯಲ್ಲಿ ಕಾಸಿಲ್ಲದಾಗ ಅಗಲ ಪರದೆಗೆ ಬೇಕಾದ ಲೆನ್ಸನ್ನು ತಾನೇ ತಯಾರಿಸಿ, ಅದಕ್ಕೆ ‘ಇಗ್ಲೂಸ್ಕೋಪ್’ ಎಂದು ಹೆಸರಿಟ್ಟು, 1959ರಲ್ಲಿ ಬಹಿಯಾದ ಮೊದಲ ಪೂರ್ಣಾವಧಿ ಚಿತ್ರ ತೆಗೆದ ಮನುಷ್ಯ.

1981ರಲ್ಲಿ ಅವರು ‘ಅಬ್ರಿಗೊ ನುಕ್ಲೆಯಾರ್’ ಮಾಡಿದರು. ಅಣು ವಿಪತ್ತಿನ ನಂತರ ಜನ ನೆಲದಡಿಯ ಆಶ್ರಯದಲ್ಲಿ ಬದುಕುತ್ತಿದ್ದಾರೆ. ಮೇಲೆ ನೆಲವಿದೆ, ಅಲ್ಲಿ ಬದುಕಬಹುದು ಎನ್ನುವುದೇ ಅಪರಾಧ. ಅವರೇ ಮುಖ್ಯ ಪಾತ್ರ, ಜೊತೆಗೆ ಕೊನ್ಸೆಯ್ಸಾವ್ ಸೆನ್ನಾ, ನೋರ್ಮಾ ಬೆಂಗೆಲ್. ಸೆಟ್ಟುಗಳು ಈಗ ನೋಡಿದರೆ ಶಾಲಾ ವಾರ್ಷಿಕೋತ್ಸವದ ವಿಜ್ಞಾನ ನಾಟಕದಂತಿವೆ, ನಿಜ. ನಗಬೇಡಿ. ಆರೇ ವರ್ಷಕ್ಕೆ ಏನಾಯಿತು ಗೊತ್ತೇ?

1987ರ ಸೆಪ್ಟೆಂಬರ್, ಗೋಯಾನಿಯಾ ನಗರ. ಖಾಲಿ ಬಿದ್ದಿದ್ದ ಕ್ಯಾನ್ಸರ್ ಚಿಕಿತ್ಸಾಲಯದಿಂದ ಇಬ್ಬರು ಒಂದು ಯಂತ್ರವನ್ನು ಬಿಚ್ಚಿಕೊಂಡು ಹೋಗಿ ಗುಜರಿಗೆ ಮಾರಿದರು. ಒಳಗಿದ್ದದ್ದು ವಿಕಿರಣ ಸೂಸುವ ಸೀಸಿಯಂ 137. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ. ಗುಜರಿಯವನು ನೆಂಟರಿಗೆಲ್ಲ ಹಂಚಿದ, ಆರು ವರ್ಷದ ಹುಡುಗಿ ಮೈಗೆ ಬಳಿದುಕೊಂಡು ಆಡಿದಳು. ಮನೆಯವರೆಲ್ಲ ಒಬ್ಬೊಬ್ಬರಾಗಿ ಕಾಯಿಲೆ ಬೀಳುವುದನ್ನು ಕಂಡು ಈ ಪುಡಿಯೇ ಕಾರಣ ಎಂದು ಮೊದಲು ಊಹಿಸಿದವಳು ಗುಜರಿಯವನ ಹೆಂಡತಿ. ಅದನ್ನು ಚೀಲದಲ್ಲಿ ಹಾಕಿಸಿಕೊಂಡು ಬಸ್ಸು ಹತ್ತಿ ಆರೋಗ್ಯ ಇಲಾಖೆಯ ಕಚೇರಿಗೆ ತಲುಪಿಸಿದಳು. ಅವಳೂ ಆ ಹುಡುಗಿಯೂ ಒಂದೇ ದಿನ ತೀರಿಕೊಂಡರು. ಒಟ್ಟು ನಾಲ್ಕು ಸಾವು, 249 ಜನರಿಗೆ ವಿಕಿರಣ ಪುಡಿಯ ಸೋಂಕು, ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ 1,12,000ಕ್ಕೂ ಹೆಚ್ಚು ಜನರ ತಪಾಸಣೆ. ಸೀಸದ ಪೆಟ್ಟಿಗೆಯಲ್ಲಿ ಮಗುವನ್ನು ಹೂಳಲು ತಂದಾಗ ಊರವರು ಕಲ್ಲು ಹೊಡೆದರು.

1990ರಲ್ಲಿ ಪಿರಿಸ್ ಇದನ್ನೇ ಚಿತ್ರ ಮಾಡಿದರು. ಕಲ್ಪಿಸಿಕೊಂಡು ಒಂದು ತೆಗೆದಿದ್ದರು, ಒಂಬತ್ತು ವರ್ಷದ ಬಳಿಕ ಕಲ್ಪನೆಯ ಅಗತ್ಯವೇ ಬೀಳಲಿಲ್ಲ. ಬಾಲ್ಕನಿಯವರು ಕೇಳಿದ ‘ಕಾಣುವ ಪ್ರಳಯ’ ಅಲ್ಲೂ ಇಲ್ಲ. ಒಂದು ಚಿಟಿಕೆ ಪುಡಿ, ಒಂದು ಬಸ್ಸು, ಚೀಲದೊಂದಿಗೆ ಹೊರಟ ಒಬ್ಬ ಹೆಂಗಸು.

ತುಂತುರು

ಬಸ್ಸಿನ ಆ ಹೆಂಗಸನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನೋರ್ಮಾ ಬೆಂಗೆಲ್ ಹೆಸರು ಬಂತಲ್ಲ, ಆಕೆಯ ಬದುಕೇ ಒಂದು ಚಿತ್ರ. 1962ರ ‘ಓಸ್ ಕಾಫಜೆಸ್ತಿಸ್’ನಲ್ಲಿ ಕಡಲ ದಂಡೆಯ ಮೇಲೆ ಬೆತ್ತಲೆ ದೃಶ್ಯ, ದೇಶವೆಲ್ಲ ಗದ್ದಲ. ಅದೇ ವರ್ಷ ಕಾನ್‌ನಲ್ಲಿ ಚಿನ್ನದ ಗರಿ ಗೆದ್ದ ‘ಓ ಪಗಾದೋರ್ ದೆ ಪ್ರೊಮೆಸಾಸ್’ನಲ್ಲೂ ಇದ್ದರು. ಪಾದ್ರಿಗಳು ಬೈದರು, ಗಂಡಸರು ಬೈಯುತ್ತಾ ಟಿಕೆಟ್ ಕೊಂಡರು. 1968ರಲ್ಲಿ ರಿಯೊದ ಬೀದಿಯಲ್ಲಿ ಸೇನಾ ಆಡಳಿತದ ವಿರುದ್ಧ ನಡೆದ ಮೆರವಣಿಗೆಯ ಒಂದು ಫೋಟೊ ಇದೆ: ತೋನಿಯಾ ಕರೇರೊ, ಎವಾ ವಿಲ್ಮಾ, ಒಡೆಟೆ ಲಾರಾ, ನೋರ್ಮಾ ಬೆಂಗೆಲ್ ಮುಂದಿನ ಸಾಲಿನಲ್ಲಿ ಕೈಕೈ ಹಿಡಿದು ನಡೆಯುತ್ತಿದ್ದಾರೆ. ಬಟ್ಟೆ, ಕೇಶಾಲಂಕಾರ ಎಲ್ಲ ಪ್ರಥಮ ಪ್ರದರ್ಶನಕ್ಕೆ ಹೊರಟಂತೆ. ಆ ನಂತರ ಬಂಧನ, ವಿಚಾರಣೆ, ಫ್ರಾನ್ಸಿಗೆ ದೇಶಾಂತರ. ‘ಅಬ್ರಿಗೊ ನುಕ್ಲೆಯಾರ್’ನ ನೆಲದಡಿಯ ಆಶ್ರಯಕ್ಕೆ ಬರುವಾಗ ಆಕೆಗೆ ಮೇಲಿನ ಪ್ರಪಂಚವನ್ನು ಯಾರು ಮುಚ್ಚುತ್ತಾರೆ ಎನ್ನುವುದು ಚೆನ್ನಾಗಿ ಗೊತ್ತಿತ್ತು.

ನಾನು ಹೇಳಬೇಕೆಂದಿದ್ದು ನಟಿ ಲೇಯ್ಲಾ ದಿನಿಸ್ ಬಗ್ಗೆ, ಏಕೆಂದರೆ ಆ ಕತೆ ನಮ್ಮ ದೇಶದಲ್ಲಿ ಮುಗಿಯುತ್ತದೆ. 1969ರ ನವೆಂಬರ್‌ನಲ್ಲಿ ‘ಓ ಪಾಸ್ಕಿಂ’ ಪತ್ರಿಕೆಗೆ ಆಕೆ ಸಂದರ್ಶನ ಕೊಟ್ಟರು. ಪ್ರೀತಿ, ದೇಹ ಎಲ್ಲದರ ಬಗ್ಗೆ ಬಾಯಿಬಿಟ್ಟು ಮಾತು. ಬೈಗುಳ ಬಂದಲ್ಲೆಲ್ಲ ಪತ್ರಿಕೆಯವರು ನಕ್ಷತ್ರದ ಗುರುತು ಹಾಕಿದರು, ಪುಟದ ತುಂಬ ನಕ್ಷತ್ರ. ಎರಡೇ ತಿಂಗಳಲ್ಲಿ ಪ್ರಕಟಣಪೂರ್ವ ಸೆನ್ಸಾರ್ ಆದೇಶ ಹೊರಬಿತ್ತು. ಜನ ಅದಕ್ಕೆ ‘ಲೇಯ್ಲಾ ದಿನಿಸ್ ಆದೇಶ’ ಎಂದೇ ಹೆಸರಿಟ್ಟರು. 1971ರಲ್ಲಿ ತುಂಬು ಬಸುರಿ ಬಿಕಿನಿ ತೊಟ್ಟು ಕಡಲತೀರಕ್ಕೆ ಬಂದಾಗ ಮತ್ತೊಂದು ಸುತ್ತು ಗದ್ದಲ.

1972ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಚಿತ್ರೋತ್ಸವಕ್ಕೆ ಹೋಗಿದ್ದರು. ಮನೆಯಲ್ಲಿ ಏಳು ತಿಂಗಳ ಮಗಳು. ನೋಡಬೇಕೆನಿಸಿ ಬೇಗ ಹೊರಟರು. ಜೂನ್ 14ರಂದು ಆ ಜಪಾನ್ ಏರ್‌ಲೈನ್ಸ್ ವಿಮಾನ ದೆಹಲಿಯ ಪಾಲಂನಲ್ಲಿ ಇಳಿಯುವ ಮುನ್ನ ಯಮುನೆಯ ದಂಡೆಯ ಬಳಿ ಬಿತ್ತು. ವಿಮಾನದಲ್ಲಿದ್ದ 87 ಮಂದಿಯಲ್ಲಿ 82 ಮಂದಿ ಸತ್ತರು. ಲೇಯ್ಲಾಗೆ ಇಪ್ಪತ್ತೇಳು. ನಾನು ದೆಹಲಿಯಲ್ಲಿ ನಾಲ್ಕು ವರ್ಷ ಇದ್ದೆ, ಆ ಕಡೆ ಎಷ್ಟೋ ಸಲ ಓಡಾಡಿದ್ದೇನೆ. ಬ್ರೆಜಿಲ್‌ನಲ್ಲಿ ಇಂದಿಗೂ ಹೆಸರು ಹೇಳಿದರೆ ಮುಖ ಅರಳುವ ನಟಿಯೊಬ್ಬಳು ಇಲ್ಲೇ ಬಿದ್ದಳು ಎಂದು ಆಗ ಗೊತ್ತಿರಲಿಲ್ಲ. 1987ರಲ್ಲಿ ಆಕೆಯ ಹೆಸರಲ್ಲೇ ಚಿತ್ರ ಬಂತು. ನಿರ್ದೇಶನ ಲೂಯಿಸ್ ಕಾರ್ಲೋಸ್ ಲಸೆರ್ದಾ, ಪಾತ್ರದಲ್ಲಿ ಲೂಯಿಸಿ ಕಾರ್ದೋಸೊ.

ಬಾಲ್ಕನಿ

ಒಬ್ಬರು ಲಿಫ್ಟಿನಿಂದ, ಒಬ್ಬರು ವಿಮಾನದಿಂದ. ನೆಲ್ಸನ್ ಪೆರೇರಾ 1972ರಲ್ಲಿ ‘ಕೆಂ ಎ ಬೇತಾ?’ ಎಂಬ ಪ್ರಳಯಾನಂತರದ ಚಿತ್ರವನ್ನೂ ಮಾಡಿದ್ದಾರಲ್ಲ, ಅದರಲ್ಲಿದ್ದ ರೆಜಿನಾ ರೊಸೆನ್‌ಬುರ್ಗೊ 1973ರ ಜುಲೈನಲ್ಲಿ ಪ್ಯಾರಿಸ್ ಹತ್ತಿರ ಬ್ರೆಜಿಲ್‌ನ ವಾರಿಗ್ ಸಂಸ್ಥೆಯ ವಿಮಾನ ದುರಂತದಲ್ಲಿ ಹೋದರು. 134 ಜನರಲ್ಲಿ ಉಳಿದದ್ದು ಹನ್ನೊಂದು. ಪ್ರಳಯದ ಕತೆ ಮುಟ್ಟಿದ ನಟಿಯರಿಗೆ ಏನೋ ಶಾಪ ಇದ್ದಂತಿದೆ. ಬರೆಯುವಾಗಲೇ ಮೈ ಜುಮ್ಮೆನ್ನುತ್ತದೆ.

ಹಳೇ ರೀಲು

ಅಯ್ಯೋ, ಶಾಪದ ಮಾತು ಬೇಡ. ನೀವೇ ಸೇರಿಸಿದ ಪಟ್ಟಿಯಲ್ಲಿ ಲೇಯ್ಲಾ ಇದ್ದಾರೆ, ಆಕೆಯನ್ನು ನಾವು ಪ್ರಳಯದ ಚಿತ್ರಕ್ಕಾಗಿ ನೆನೆದದ್ದೇ ಅಲ್ಲ. ಎಪ್ಪತ್ತರ ದಶಕದಲ್ಲಿ ವಿಮಾನಗಳು ಈಗಿನದಕ್ಕಿಂತ ಬಹಳ ಹೆಚ್ಚು ಬೀಳುತ್ತಿದ್ದವು, ಹೆಚ್ಚು ಹಾರಾಡುತ್ತಿದ್ದವರಲ್ಲಿ ನಟಿಯರೂ ಇದ್ದರು, ಅಷ್ಟೇ. ವಾರಿಗ್ ವಿಮಾನದಲ್ಲಿ ಶೌಚಾಲಯದಲ್ಲಿ ಬೆಂಕಿ ಹತ್ತಿ ಹೊಗೆ ತುಂಬಿತು. ಅದೇ ವಿಮಾನದಲ್ಲಿ ಒಬ್ಬ ಸೆನೆಟರ್ ಕೂಡ ಇದ್ದ. ರಾಜಕಾರಣಿಗಳ ಶಾಪ ಎಂದು ಯಾರೂ ಬರೆಯಲಿಲ್ಲ.

ನಟ ಸತ್ತರೆ ಅವನ ಚಿತ್ರಗಳ ಪಟ್ಟಿ ಕೊಡುತ್ತೇವೆ, ನಟಿ ಸತ್ತರೆ ಸಾವಿನ ವಿವರ ಕೊಡುತ್ತೇವೆ. ಮೇಲೆ ಅನೆಸಿ ವಿಷಯದಲ್ಲಿ ನಾನು ಮಾಡಿದ್ದೂ ಇದನ್ನೇ, ಆದ್ದರಿಂದ ನಿಮ್ಮೊಬ್ಬರನ್ನೇ ಬೈಯುತ್ತಿಲ್ಲ. ಫೆರ್ನಾಂಡಾ ಮೊಂಟೆನೆಗ್ರೊ 1929ರಲ್ಲಿ ಹುಟ್ಟಿದವರು, ತೊಂಬತ್ತು ದಾಟಿದ ಮೇಲೂ ಕ್ಯಾಮೆರಾ ಮುಂದೆ ನಿಂತಿದ್ದಾರೆ. ರೂತ್ ದೆ ಸೋಜಾ ತೊಂಬತ್ತೆಂಟು ವರ್ಷ ಬದುಕಿ 2019ರಲ್ಲಿ ಹೋದರು. ಇವರನ್ನು ಯಾವ ಶಾಪ ಬಿಟ್ಟುಕೊಟ್ಟಿತು?

ಕೊನೆಯ ಸಾಲು

ಚರ್ಚೆ ಇಷ್ಟು ಬೆಳೆಯುತ್ತದೆ ಎಂದುಕೊಂಡಿರಲಿಲ್ಲ. ಹಳೇ ರೀಲು ಸರ್ ಹೇಳಿದ್ದನ್ನು ಓದಿ ‘ಬಕುರಾವ್’ ಮತ್ತೊಮ್ಮೆ ನೋಡಿದೆ. ಕ್ಲೆಬೆರ್ ಮೆಂಡೋನ್ಸಾ ಫಿಲ್ಯೊ, ಜುಲಿಯಾನೊ ದೊರ್ನೆಲ್ಲೆಸ್ ನಿರ್ದೇಶನ, 2019ರಲ್ಲಿ ಕಾನ್‌ನ ಜ್ಯೂರಿ ಪ್ರಶಸ್ತಿ. ‘ಇಂದಿನಿಂದ ಕೆಲವೇ ವರ್ಷಗಳಾಚೆ’ ನಡೆಯುವ ಕತೆ.

ಸೆರ್ತಾವ್‌ನ ಒಂದು ಹಳ್ಳಿ. ನೀರು ಬರದಂತೆ ತಡೆಯಲಾಗಿದೆ, ಟ್ಯಾಂಕರ್ ಬರಬೇಕು. ಟ್ಯಾಂಕರ್ ಬರುತ್ತದೆ, ಮೈಮೇಲೆ ಗುಂಡಿನ ತೂತುಗಳು, ಪ್ರತಿ ತೂತಿನಿಂದಲೂ ನೀರು ಚಿಮ್ಮುತ್ತಿದೆ. ಮೇಷ್ಟ್ರು ಮಕ್ಕಳಿಗೆ ಭೂಪಟದಲ್ಲಿ ಊರು ತೋರಿಸಲು ಹೋದರೆ ಊರೇ ಇಲ್ಲ. ಮತ ಕೇಳಲು ಬಂದ ಮೇಯರ್ ಟಿಪ್ಪರ್‌ನಲ್ಲಿ ಪುಸ್ತಕ ತಂದು ಮಣ್ಣು ಸುರಿದಂತೆ ಸುರಿಸುತ್ತಾನೆ, ಜೊತೆಗೆ ಅವಧಿ ಮೀರಿದ ಆಹಾರ, ಶವಪೆಟ್ಟಿಗೆ. ಈ ಶವಪೆಟ್ಟಿಗೆಗಳಿಗೆ ಕೆಲಸ ಬೀಳುತ್ತದೆ.

ಸೋನಿಯಾ ಬ್ರಾಗಾ ಇಲ್ಲಿ ಊರ ವೈದ್ಯೆ ದೊಮಿಂಗಾಸ್. 1976ರ ‘ದೋನಾ ಫ್ಲೋರ್’ನ ಸೋನಿಯಾ ಬ್ರಾಗಾ! ಒಂದು ಕೋಟಿಗೂ ಹೆಚ್ಚು ಜನ ನೋಡಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಾಖಲೆಯಾಗಿ ಉಳಿದ ಚಿತ್ರದ ನಾಯಕಿ. ಇಲ್ಲಿ ಬಿಳಿಗೂದಲು, ಕುಡಿದಾಗ ಹರಿದಾಡುವ ನಾಲಿಗೆ. ಆರಂಭದಲ್ಲಿ ಸತ್ತ ಅಜ್ಜಿಯ ಅಂತ್ಯಕ್ರಿಯೆಯಲ್ಲೇ ಬೈಯುತ್ತಾಳೆ. ಊರವರನ್ನು ಕೊಲ್ಲಲು ಹೊರಗಿನಿಂದ ಬಂದವರ ಮುಖಂಡ ಎದುರಾದಾಗ ರಕ್ತ ಮೆತ್ತಿದ ಕೋಟು ತೊಟ್ಟು, ಮೇಜಿನ ಮೇಲೆ ಊಟ ಬಡಿಸಿಟ್ಟು ನಿಂತಿರುತ್ತಾಳೆ. ಹೆದರಿಕೆ ಎಷ್ಟಿದೆ ಎಂದು ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ.

ಕ್ಲೆಬೆರ್ ಒಬ್ಬರೇ ನಿರ್ದೇಶಿಸಿದ ‘ಅಕ್ವೇರಿಯಸ್’ (2016) ಕೂಡ ಇದೇ ಜಾತಿಯದು ಎಂದು ನನ್ನ ಅನಿಸಿಕೆ. ರೆಸಿಫೆ ನಗರದ ಕಡಲ ಮುಂದಿನ ಹಳೆಯ ಕಟ್ಟಡ, ಎಲ್ಲರೂ ಮಾರಿ ಹೋಗಿದ್ದಾರೆ, ಸ್ತನ ಕ್ಯಾನ್ಸರ್ ಗೆದ್ದ ಅರವತ್ತೈದರ ಕ್ಲಾರಾ (ಇಲ್ಲೂ ಬ್ರಾಗಾ ಅವರೇ) ಒಬ್ಬಳೇ ಉಳಿದಿದ್ದಾಳೆ. ಬಿಲ್ಡರ್ ಕಡೆಯವರು ಗೆದ್ದಲು ತಂದು ಬಿಡುತ್ತಾರೆ. ಅಲ್ಲಿ ಕ್ಲಾರಾಳ ಯೌವನವನ್ನು ಅಭಿನಯಿಸಿದ ಬಾರ್ಬರಾ ಕೋಲೆನ್, ‘ಬಕುರಾವ್’ನಲ್ಲಿ ಅಜ್ಜಿಯ ಸಾವಿಗೆ ಊರಿಗೆ ಮರಳುವ ತೆರೆಜಾ. ಒಂದು ಚಿತ್ರದಲ್ಲಿ ಒಬ್ಬಳೇ ಹೆಂಗಸಾಗಿದ್ದವರು ಇನ್ನೊಂದರಲ್ಲಿ ಇಬ್ಬರಾಗಿ ಎದುರುಬದುರು.

ಮಧ್ಯಂತರ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಒಂದು ಮಾತು ತಡೆಯಲಾಗಲಿಲ್ಲ. ರೂತ್ ದೆ ಸೋಜಾ ಅವರ ಹೆಸರು ವಯಸ್ಸಿನ ಲೆಕ್ಕಕ್ಕೆ ಬಂತೇ ಹೊರತು ಕೆಲಸದ ಲೆಕ್ಕಕ್ಕೆ ಬರಲಿಲ್ಲ. 1945ರಲ್ಲಿ ರಿಯೊದ ಮುನಿಸಿಪಲ್ ರಂಗಮಂದಿರದ ವೇದಿಕೆ ಹತ್ತಿದ ಮೊದಲ ಕಪ್ಪು ನಟಿ ಆಕೆ. ಅರ್ಧಕ್ಕೂ ಹೆಚ್ಚು ಜನ ತಮ್ಮನ್ನು ಕಪ್ಪು ಅಥವಾ ಮಿಶ್ರವರ್ಣದವರು ಎಂದು ಹೇಳಿಕೊಳ್ಳುವ ದೇಶದಲ್ಲಿ, ಗ್ಲೋಬೊ ವಾಹಿನಿಯ ರಾತ್ರಿಯ ಮುಖ್ಯ ಧಾರಾವಾಹಿಗೆ ಕಪ್ಪು ನಾಯಕಿ ಸಿಕ್ಕಿದ್ದು 2009ರಲ್ಲಿ, ತಾಯಿಸ್ ಅರಾವುಜೊ.

ಆಕೆಯೇ ನಟಿಸಿದ ‘ಮೆದಿದಾ ಪ್ರೊವಿಸೋರಿಯಾ’ ನೋಡಿ. ನಿರ್ದೇಶನ ಆಕೆಯ ಪತಿ, ನಟ ಲಾಜರೊ ರಾಮೋಸ್. ಬ್ರೆಜಿಲ್‌ನಲ್ಲಿ ಬಿಡುಗಡೆ 2022ರಲ್ಲಿ. ಗುಲಾಮಗಿರಿಗೆ ಪರಿಹಾರ ಕೇಳಿದವರಿಗೆ ಸರ್ಕಾರ ಆಫ್ರಿಕಾಕ್ಕೆ ಟಿಕೆಟ್ ಕೊಡುತ್ತದೆ. ಮೊದಲು ಇಷ್ಟವಿದ್ದರೆ ಹೋಗಿ ಎನ್ನುತ್ತದೆ, ಆಮೇಲೆ ಹಿಡಿದು ಕಳಿಸುತ್ತದೆ. ತಾಯಿಸ್ ಇಲ್ಲಿ ಕಾಪಿತು ಎಂಬ ವೈದ್ಯೆ. ಗಂಡ ಫ್ಲಾಟಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತಾನೆ, ಅವಳು ಹೊರಗೆ ತಲೆಮರೆಸಿಕೊಂಡಿರುತ್ತಾಳೆ. ಗುಲಾಬಿ ಮೋಡದ ಮನೆಯೊಳಗಿದ್ದವರನ್ನು ಮೋಡ ಕಾಯುತ್ತಿತ್ತು, ಇಲ್ಲಿ ಪೊಲೀಸರು. ಚಿತ್ರವಾಗಿ ಅಲ್ಲಲ್ಲಿ ಭಾಷಣವಾಗುತ್ತದೆ, ಒಪ್ಪುತ್ತೇನೆ. ಆದರೂ ಕಚೇರಿ ಭಾಷೆಯಲ್ಲಿ ಬರುವ ಆ ನೋಟಿಸು ಭಯ ಹುಟ್ಟಿಸುತ್ತದೆ.

ಅಡಿಬರಹ

ಮಧ್ಯಂತರ ಮೇಡಂ ಹೇಳಿದ್ದು ಸರಿ. ಇನ್ನೊಂದು ಪ್ರಳಯ ಉಳಿದಿದೆ, ಅದು ಚಿತ್ರರಂಗಕ್ಕೇ ಬಡಿದದ್ದು. 1990ರ ಮಾರ್ಚ್‌ನಲ್ಲಿ ಅಧ್ಯಕ್ಷ ಕೊಲೊರ್ ಅಧಿಕಾರಕ್ಕೆ ಬಂದವರೇ ಎಂಬ್ರಾಫಿಲ್ಮಿ ಎಂಬ ಸರ್ಕಾರಿ ಚಲನಚಿತ್ರ ಸಂಸ್ಥೆಯನ್ನು ಮುಚ್ಚಿದರು. ವರ್ಷಕ್ಕೆ ಹತ್ತಾರು ಚಿತ್ರ ಬರುತ್ತಿದ್ದ ದೇಶದಲ್ಲಿ ಬೆರಳೆಣಿಕೆಯಷ್ಟು ಉಳಿದವು. ತಂತ್ರಜ್ಞರು ಜಾಹೀರಾತಿಗೆ ಹೋದರು, ನಟಿಯರು ಟಿವಿಗೆ.

ಆ ಪಾಳುಬಿದ್ದ ಜಾಗದಲ್ಲಿ ಒಲೆ ಹೊತ್ತಿಸಿದವರು ಒಬ್ಬ ನಟಿ. ಕಾರ್ಲಾ ಕಮುರಾಟಿ. ಇಲ್ಲಿ ನೋರ್ಮಾ ಬೆಂಗೆಲ್ ಮತ್ತೆ ಬರುತ್ತಾರೆ: ಅವರು ನಿರ್ದೇಶಕಿಯಾಗಿ ಮಾಡಿದ ‘ಎತೆರ್ನಮೆಂತೆ ಪಗು’ ಚಿತ್ರದಲ್ಲಿ ಲೇಖಕಿ ಪಗು ಪಾತ್ರ ಕಮುರಾಟಿಯವರದೇ. 1995ರಲ್ಲಿ ಕಮುರಾಟಿ ಚಿಕ್ಕ ಬಂಡವಾಳದಲ್ಲಿ ‘ಕಾರ್ಲೋತಾ ಜುವಾಕಿನಾ’ ತೆಗೆದರು. ನೆಪೋಲಿಯನ್‌ಗೆ ಹೆದರಿ ಹಡಗು ಹತ್ತಿ ಬ್ರೆಜಿಲ್‌ಗೆ ಓಡಿಬಂದ ಪೋರ್ಚುಗೀಸ್ ರಾಜಮನೆತನದ ಅಣಕ, ರಾಣಿಯಾಗಿ ಮರಿಯೆತಾ ಸೆವೆರೊ. ವಿತರಕರನ್ನು ಕಾಯದೆ ತಾವೇ ಊರೂರಿಗೆ ಕೊಂಡೊಯ್ದು ತೋರಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಲ್ಲಿಂದಾಚೆಗಿನ ಕಾಲಕ್ಕೆ ಬ್ರೆಜಿಲ್‌ನವರು ‘ರೆತೊಮಾದಾ’ ಎನ್ನುತ್ತಾರೆ, ಮರಳಿ ಕೈಗೆತ್ತಿಕೊಂಡದ್ದು ಎಂದರ್ಥ.

ಬಾಲ್ಕನಿ

ಶಾಪದ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ‘ಬಕುರಾವ್’ ನೋಡಿದೆ. ಇದು ಸಿನಿಮಾ! ಟ್ಯಾಂಕರ್ ದೃಶ್ಯಕ್ಕೆ ಎದ್ದು ಕೂತೆ. ಮ್ಯೂಸಿಯಂನ ಗೋಡೆಯಲ್ಲಿ ಬಂದೂಕು ತೆಗೆದ ಮೇಲೆ ಖಾಲಿ ಉಳಿದ ಗುರುತುಗಳನ್ನು ತೋರಿಸುತ್ತಾರಲ್ಲ, ಅದಕ್ಕೆ ಚಪ್ಪಾಳೆ ಹೊಡೆದೆ, ಮನೆಯವರು ಬಂದು ನೋಡಿ ಹೋದರು. ಗುಲಾಬಿ ಮೋಡದ ಬಗ್ಗೆ ಅಭಿಪ್ರಾಯ ಬದಲಾಗಿಲ್ಲ.

ತುಂತುರು

ಗುಲಾಬಿ ಮೋಡ ಚಿತ್ರೀಕರಿಸಿದ ಪೋರ್ತು ಅಲೆಗ್ರೆ 2024ರ ಮೇ ತಿಂಗಳಲ್ಲಿ ನಿಜವಾಗಿಯೇ ಮುಳುಗಿತು. ಊರ ಪಕ್ಕದ ಗುವಾಯ್ಬಾದ ನೀರು ಐದು ಮೀಟರ್ ದಾಟಿತು, 1941ರ ಮಹಾಪೂರದ 4.76 ಮೀಟರನ್ನೂ ಮೀರಿ. ವಿಮಾನ ನಿಲ್ದಾಣದಲ್ಲಿ ವಿಮಾನಗಳು ನೀರಲ್ಲಿ ನಿಂತಿದ್ದ ಚಿತ್ರ ನೆನಪಿರಬಹುದು. ‘ನಿಜಜೀವನಕ್ಕೆ ಹೋಲಿಕೆ ಆಕಸ್ಮಿಕ’ ಎಂಬ ಸೂಚನೆಯನ್ನು ಆ ಊರಿನವರು ಈಗ ಹೇಗೆ ಓದುತ್ತಾರೋ.

ಇನ್ನೊಂದು ಚಿತ್ರ ಸೇರಿಸಲೇ? ‘ಐಂದಾ ಎಸ್ತೊ ಅಕಿ’, ‘ನಾನಿನ್ನೂ ಇಲ್ಲಿದ್ದೇನೆ’. ವಾಲ್ಟರ್ ಸಾಲೆಸ್, 2024. ಸೇನಾ ಆಡಳಿತದವರು 1971ರ ಜನವರಿಯಲ್ಲಿ ಮಾಜಿ ಸಂಸದ ರೂಬೆನ್ಸ್ ಪೈವಾ ಅವರನ್ನು ಮನೆಯಿಂದ ಕರೆದೊಯ್ದರು, ಮರಳಿ ಬರಲಿಲ್ಲ. ಹೆಂಡತಿ ಯೂನಿಸ್, ಐವರು ಮಕ್ಕಳು. ಪತ್ರಿಕೆಯವರು ಫೋಟೊ ತೆಗೆಯಲು ಬಂದು ಸ್ವಲ್ಪ ದುಃಖದ ಮುಖ ಇರಲಿ ಎನ್ನುತ್ತಾರೆ. ಯೂನಿಸ್ ಮಕ್ಕಳಿಗೆ ‘ನಗಿ’ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಗಂಡನ ಮರಣ ಪ್ರಮಾಣಪತ್ರ ಕೈಗೆ ಬಂದದ್ದು 1996ರಲ್ಲಿ, ಇಪ್ಪತ್ತೈದು ವರ್ಷಗಳ ನಂತರ.

ಯೂನಿಸ್ ಆಗಿ ಫೆರ್ನಾಂಡಾ ಟೊರೆಸ್, ಮುಪ್ಪಿನ ಯೂನಿಸ್ ಆಗಿ ಆಕೆಯ ತಾಯಿ ಫೆರ್ನಾಂಡಾ ಮೊಂಟೆನೆಗ್ರೊ. ತಾಯಿಗೆ 1999ರಲ್ಲಿ ‘ಸೆಂಟ್ರಲ್ ದೊ ಬ್ರಜಿಲ್’ಗಾಗಿ ಆಸ್ಕರ್ ನಾಮನಿರ್ದೇಶನ, ಕೈತಪ್ಪಿತು. ಮಗಳಿಗೆ 2025ರಲ್ಲಿ, ಅದೂ ಕೈತಪ್ಪಿತು. ಆದರೆ ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರ ಪ್ರಶಸ್ತಿ ಬಂತು, ಬ್ರೆಜಿಲ್‌ಗೆ ಅದೇ ಮೊದಲ ಆಸ್ಕರ್.

ಹಳೇ ರೀಲು

ಅದು ಪ್ರಳಯದ ಚಿತ್ರವೇ ಎಂದು ಯಾರಾದರೂ ತಕರಾರು ತೆಗೆಯಬಹುದು. ನಾನು ತೆಗೆಯುವುದಿಲ್ಲ. ಟೊರೆಸ್ 1986ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಕಾನ್‌ನ ಶ್ರೇಷ್ಠ ನಟಿ ಪ್ರಶಸ್ತಿ ಹಂಚಿಕೊಂಡವರು ಎಂಬುದನ್ನೂ ಸೇರಿಸಿ. ಜಗತ್ತು ಅವರನ್ನು ಐವತ್ತೊಂಬತ್ತರಲ್ಲಿ ಹೊಸದಾಗಿ ಕಂಡುಹಿಡಿಯಿತಂತೆ.

‘ಬಕುರಾವ್’ ಚಿತ್ರೀಕರಣ ನಡೆದದ್ದು ರಿಯೊ ಗ್ರಾಂದೆ ದೊ ನೋರ್ತೆ ರಾಜ್ಯದ ಪರೇಲ್ಯಾಸ್ ಸುತ್ತಮುತ್ತ. ಅಲ್ಲಿ ಕೈಕೆಲಸ, ಹೊಲಿಗೆ ಮಾಡಿಕೊಂಡಿದ್ದ ತಾನಿಯಾ ಮರಿಯಾ ಎಂಬ ಅಜ್ಜಿ ಎಪ್ಪತ್ತು ದಾಟಿದ ಮೇಲೆ ಗುಂಪಿನ ದೃಶ್ಯಕ್ಕೆ ಸೇರಿಕೊಂಡರು. ಕ್ಲೆಬೆರ್ ಆ ಮುಖವನ್ನು ಮರೆಯಲಿಲ್ಲ. 2025ರ ‘ಓ ಅಜೆಂತೆ ಸೆಕ್ರೆತೊ’ದಲ್ಲಿ ತಲೆಮರೆಸಿಕೊಂಡವರಿಗೆ ಆಶ್ರಯ ಕೊಡುವ ದೋನಾ ಸೆಬಾಸ್ತಿಯಾನಾ ಆಕೆಯೇ. ಬಾಯಲ್ಲಿ ಸಿಗರೇಟು, ಕಣ್ಣಲ್ಲಿ ಕುಚೇಷ್ಟೆ. ಆ ದೊಡ್ಡ ತಾರಾಗಣದಲ್ಲಿ ನನಗೆ ನೆನಪಿರುವುದು ಈ ಅಜ್ಜಿ.

ಕೊನೆಯ ಸಾಲು

‘ಬ್ರಜಿಲ್ ಆನೊ 2000’ ನೋಡಲೇಬೇಕು ಎನಿಸಿದೆ. ಪೋರ್ಚುಗೀಸ್ ಬಾರದವರಿಗೆ ದಾರಿಯಿದೆಯೇ?

ಅಡಿಬರಹ

ನಾನು ಗೋವಾದಲ್ಲಿರುವುದರಿಂದ ಪೋರ್ಚುಗೀಸ್ ಬಲ್ಲ ಹಿರಿಯರೊಬ್ಬರು ನೆರೆಯಲ್ಲೇ ಇದ್ದಾರೆ. ಅವರ ಬಳಿ ಕೂತು ನಮ್ಮ ಗುಂಪಿಗಾಗಿ ಕನ್ನಡ ಅಡಿಬರಹ ಬರೆಯಲು ಆರಂಭಿಸಿದ್ದೇನೆ. ಹಾಡುಗಳು ಬೆವರಿಳಿಸುತ್ತಿವೆ. ಅದಕ್ಕಿಂತ ದೊಡ್ಡ ತೊಡಕು ಊರಿನ ಹೆಸರು. ‘ನಾನು ಮರೆತೆ’ ಎಂದಿಟ್ಟರೆ ಊರು ಅನಿಸುವುದಿಲ್ಲ. ‘ಮರೆವೂರು’ ಎಂದರೆ ಕಾದಂಬರಿಯಂತಾಗುತ್ತದೆ. ‘ಮರೆತಹಳ್ಳಿ’ ಇಡೋಣ ಎಂದುಕೊಂಡಿದ್ದೇನೆ.

ಬಾಲ್ಕನಿ

ದಯವಿಟ್ಟು ಬೇಡ. ಮೂರನೆಯ ಮಹಾಯುದ್ಧ ಮುಗಿಸಿ ಬಂದ ಆ ಪಾಪದ ಕುಟುಂಬ ಮಾರತಹಳ್ಳಿ ಸೇತುವೆ ಕೆಳಗೆ ಬಸ್ಸಿಗೆ ಕಾಯುತ್ತಿರುವಂತೆ ಕಾಣಿಸುತ್ತದೆ.

ಅಡಿಬರಹ

ಹಾಗಾದರೆ ಅದೇ ಗಟ್ಟಿ.